ಬೈಜಾಂಟಿಯಮ್ಮಿಗೆ ಬಾರದ ಮನೆ ಅಳಿಯ

ಎಂಬತ್ತರ ದಶಕದ ಆರಂಭದ ಆ ವರ್ಷಗಳಲ್ಲಿ, ತೀರ್ಥಹಳ್ಳಿಯ ನಮ್ಮ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಕಾಗದ ಕತ್ತರಿಸುವ ಮೇಜಿನ ಮೇಲೆ ಭಾನುವಾರ ಮಧ್ಯಾಹ್ನ ಯುರೋಪು ಹರಡಿಕೊಳ್ಳುತ್ತಿತ್ತು. ಆ ಆಟ ನನಗೆ ಆಗ ಅರ್ಥವಾಗಿರಲಿಲ್ಲ. ಈಗ ಅರ್ಥವಾಗಿದೆ ಎಂದು ಹೇಳಲೂ ಧೈರ್ಯವಿಲ್ಲ. ಆದರೆ ನನ್ನ ಮದುವೆಯ ವಿಷಯ ಇತ್ಯರ್ಥವಾದದ್ದು ಆ ಮೇಜಿನ ಮೇಲೆಯೇ.

ಆಟದ ಪೆಟ್ಟಿಗೆ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಇತಿಹಾಸದ ಲೆಕ್ಚರರದ್ದು. ಅವರ ಭಾವ ವಿದೇಶದಿಂದ ಕಳಿಸಿದ್ದರಂತೆ. ಒಂದು ದೊಡ್ಡ ನಕಾಶೆ, ದಾಳಗಳು, ರಾಜರಾಣಿಯರನ್ನು ತೋರಿಸುವ ಸಣ್ಣ ಸಣ್ಣ ರಟ್ಟಿನ ಚೌಕಗಳು, ಮತ್ತೆ ಇಂಗ್ಲಿಷಿನಲ್ಲಿ ಒಂದು ದಪ್ಪ ನಿಯಮದ ಪುಸ್ತಕ. ಒಬ್ಬೊಬ್ಬರು ಒಂದೊಂದು ರಾಜಮನೆತನ ಹಿಡಿಯಬೇಕು. ರಾಜ ಸತ್ತರೆ ನೀವು ಅವನ ಮಗನಾಗುತ್ತೀರಿ, ಮಗ ಸತ್ತರೆ ಮೊಮ್ಮಗ. ಎಷ್ಟು ನೆಲ ಗೆದ್ದಿರಿ ಅನ್ನುವುದು ಮುಖ್ಯವಲ್ಲ, ಮನೆತನ ಎಲ್ಲಿಯವರೆಗೆ ಉಳಿಯಿತು ಅನ್ನುವುದೇ ಮುಖ್ಯ. ವಾರಸುದಾರರಿಲ್ಲದೆ ಹೋದರೆ ಮೇಜು ಬಿಟ್ಟು ಎದ್ದುಹೋಗಬೇಕು. ಯುದ್ಧದ ಆಟ ಅಂದುಕೊಂಡು ಕೂತಿದ್ದ ಅಪ್ಪನಿಗೆ, ಯುದ್ಧಕ್ಕಿಂತ ಬಾಣಂತನವೇ ಜಾಸ್ತಿ ಇದೆ ಅಂತ ಮೊದಲ ವಾರವೇ ಗೊತ್ತಾಯಿತು.

ಆಡುವವರು ಮೂವರು. ಲೆಕ್ಚರರು ಜರ್ಮನಿ ಹಿಡಿದಿದ್ದರು. ಹೊಸನಗರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಜವಳಿ ಅಂಗಡಿಯವರು, ಅಪ್ಪನ ಹಳೆಯ ಸ್ನೇಹಿತರು, ಹಂಗೇರಿ ಹಿಡಿದಿದ್ದರು. ಕೊನೆಗೆ ಉಳಿದದ್ದು ಬೈಜಾಂಟಿಯಂ. ಅದು ಅಪ್ಪನ ಪಾಲಿಗೆ ಬಂತು.

ಅಪ್ಪನಿಗೆ ಆ ದೇಶವೇ ತಲೆಗೆ ಹತ್ತಲಿಲ್ಲ. "ಅಲ್ಲ ಮಾರಾಯ್ರೆ, ಇವ್ರು ಆಡೋದು ಗ್ರೀಕು. ಇರೋದು ಕಾನ್‌ಸ್ಟಾಂಟಿನೋಪಲ್ಲು. ಕೇಳಿದ್ರೆ ರೋಮನ್ನರು ಅಂತಾರೆ. ರೋಮು ಎಲ್ಲಿದೆ? ಇವ್ರ ಕೈಲೇ ಇಲ್ಲ! ಇದೆಂತ ಕತೆ?" ಎಂದು ಲೆಕ್ಚರರನ್ನು ಹಿಡಿದುಕೊಂಡರು.

ಲೆಕ್ಚರರು ಏನೋ ಉದ್ದ ವಿವರಿಸಲು ಹೊರಟರು. ಅಷ್ಟರಲ್ಲಿ ಜವಳಿಯವರು ಬಾಯಿ ಹಾಕಿದರು. "ಅದ್ರಲ್ಲಿ ಎಂತ ಕಷ್ಟ ಇದೆ? ನಮ್ಮೂರು ಲಿಂಗನಮಕ್ಕಿ ಡ್ಯಾಮಿನ ನೀರಿನಡಿ ಹೋಯ್ತು. ನಾನು ಹೊಸನಗರಕ್ಕೆ ಬಂದೆ, ಅಣ್ಣ ಸಾಗರದಲ್ಲಿ ಮನೆ ಕಟ್ಟಿದ. ಯಾರಾದ್ರೂ ಯಾವೂರು ಅಂತ ಕೇಳಿದ್ರೆ ಇವತ್ತಿಗೂ ನಾವು ಆ ಮುಳುಗಿದ ಊರಿನ ಹೆಸರೇ ಹೇಳ್ತೀವಿ."

ಅಪ್ಪ ಬೈಜಾಂಟಿಯಮ್ಮಿನ ಚೌಕಗಳನ್ನು ತಮ್ಮ ಕಡೆ ಎಳೆದುಕೊಂಡರು.

ಅಮ್ಮನಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. ಕಾರಣವಿತ್ತು. ಬೈಜಾಂಟಿಯಮ್ಮಿಗೆ ಮಾತ್ರ ಒಂದು ವಿಶೇಷ ನಿಯಮ: ಸಿಂಹಾಸನಕ್ಕೆ ಕಣ್ಣು ಹಾಕಿದ ಸಂಬಂಧಿಕನನ್ನು ಕೊಲ್ಲಬೇಕಿಲ್ಲ, ಅವನ ಕಣ್ಣು ಕೀಳಿಸಿದರೆ ಸಾಕು, ಕುರುಡ ಚಕ್ರವರ್ತಿಯಾಗುವಂತಿಲ್ಲ. ಅಪ್ಪನಿಂದ ಅದು ಆಗಲಿಲ್ಲ. ದಾಳ ಹಿಡಿದು ಕೂತು, "ಪಾಪ, ಹೆಂಡತಿ ತಮ್ಮ ಅಲ್ವಾ" ಎಂದು ಬಿಟ್ಟುಬಿಡುತ್ತಿದ್ದರು. ಆ ಹೆಂಡತಿಯ ತಮ್ಮ ಮುಂದಿನ ಸರದಿಯಲ್ಲೇ ದಂಗೆ ಎದ್ದು ಅರ್ಧ ರಾಜ್ಯ ನುಂಗುತ್ತಿದ್ದ. ಕೊನೆಗೆ ಅಪ್ಪ ಸೋತು, ಬಿ.ಎ. ಓದುತ್ತಿದ್ದ ನನ್ನನ್ನು ಕರೆದು ಕುರ್ಚಿ ಬಿಟ್ಟುಕೊಟ್ಟರು. "ನೀನು ಆಡು. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ."

ನಾನು ಕೂತ ಮೊದಲ ದಿನವೇ ಇಬ್ಬರು ಚಿಕ್ಕಪ್ಪಂದಿರ ಕಣ್ಣು ಕೀಳಿಸಿದೆ. ಲೆಕ್ಚರರು ಭೇಷ್ ಅಂದರು. ಕಾಫಿ ತಂದ ಅಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಳು. ನನಗೆ ನಾಚಿಕೆಯೇನೂ ಆಗಲಿಲ್ಲ, ಖುಷಿಯೇ ಆಯಿತು. ಯಾಕೆ ಖುಷಿಯಾಯಿತು ಎನ್ನುವುದು ಮಾತ್ರ ತಿಳಿಯಲಿಲ್ಲ.

ಟಪಾಲಿನಲ್ಲಿ ಬರುವಾಗ ಪೆಟ್ಟಿಗೆ ಹರಿದು ಒಂದಷ್ಟು ಚೌಕಗಳು ಕಳೆದುಹೋಗಿದ್ದವು. ಅಪ್ಪ ಕೆಂಪು ನೀಲಿ ಮಸಿ ಬೆರೆಸಿ, ನೇರಳೆ ಬಣ್ಣ ಮಾಡಿ, ನಮ್ಮ ಮನೆತನಕ್ಕೆ ಹೊಸ ಚೌಕ ಅಚ್ಚು ಹಾಕಿದರು. ಮೂಲದ ಚೌಕಗಳಲ್ಲಿ ಗಂಡುಮಕ್ಕಳಿಗೆಲ್ಲ ಹೆಸರಿತ್ತು. ಹೆಣ್ಣಿಗೆ ಬರೀ 'ಮಗಳು' ಅಂತಿತ್ತು. ಅದು ಅಪ್ಪನಿಗೆ ಸರಿಕಾಣಲಿಲ್ಲ. "ಹೆಸರಿಲ್ಲದ ಹುಡುಗಿಗೆ ಯಾರು ಗಂಡು ನೋಡ್ತಾರೆ?" ಎಂದು ಗೊಣಗಿಕೊಂಡು ನನ್ನ ಹೆಸರನ್ನೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡಿಬಿಟ್ಟರು. ಹೀಗಾಗಿ ನಾನು ಚಕ್ರವರ್ತಿಯೂ ಆಗಿದ್ದೆ, ಅವನಿಗಿದ್ದ ಒಬ್ಬಳೇ ಮಗಳೂ ಆಗಿದ್ದೆ.

ನಮ್ಮ ಮನೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪ್ರೆಸ್ಸು ಅಮ್ಮನ ಅಪ್ಪ ಹಾಕಿದ್ದು. ಅಜ್ಜನಿಗೆ ಅಮ್ಮ ಒಬ್ಬಳೇ ಮಗಳು. ಅಪ್ಪ ಮನೆ ಅಳಿಯನಾಗಿ, ಒಂದು ಟ್ರಂಕು ಹಿಡಿದು ಈ ಮನೆಗೆ ಬಂದವರು. ನಾನೂ ಒಬ್ಬಳೇ ಮಗಳು. ಮದುವೆ ಅಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಟ್ರಂಕು ಹಿಡಿದು ಬರುವ ಗಂಡಸು. ಬೇರೆ ಮನೆಗಳಲ್ಲಿ ಹುಡುಗಿಯರು ಅತ್ತುಕೊಂಡು ಹೋಗುವುದನ್ನು ನೋಡಿರಲಿಲ್ಲವೇ ಅಂದರೆ, ಬೇಕಾದಷ್ಟು ನೋಡಿದ್ದೆ. ಅದು ಅಣ್ಣತಮ್ಮಂದಿರು ಇರುವ ಮನೆಗಳ ಪದ್ಧತಿ, ನಮಗಲ್ಲ ಅಂದುಕೊಂಡಿದ್ದೆ. ಅಪ್ಪ ಅಮ್ಮನೂ ಹಾಗೇ ಅಂದುಕೊಂಡಿದ್ದರು. ಎಷ್ಟು ಗಟ್ಟಿಯಾಗಿ ಅಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕು ಅಂತಲೂ ಅವರಿಗೆ ಹೊಳೆದಿರಲಿಲ್ಲ.

ಜವಳಿಯವರು ತಮ್ಮ ಅಣ್ಣನ ಮಗನಿಗೆ ನನ್ನನ್ನು ಕೇಳಿದಾಗಲೂ ಆದದ್ದು ಅದೇ. ಹುಡುಗ ಸಾಗರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು ಮಾಡಿ ಹೆಣ್ಣು ತೋರಿಸುವುದು ಬೇಡ ಅಂತ ಎರಡೂ ಮನೆಯವರು ಸೇರಿ ಸಿಗಂದೂರಿಗೆ ಹೋದೆವು. ಲಿಂಗನಮಕ್ಕಿಯ ಹಿನ್ನೀರು ದಾಟುವ ಲಾಂಚಿನಲ್ಲಿ ಹಿರಿಯರೆಲ್ಲ ಬೇಕೆಂದೇ ಆಚೆ ಮುಖ ಮಾಡಿ ನಿಂತರು. ಮೇಷ್ಟ್ರು ನೀರಿನ ಕಡೆ ಕೈ ತೋರಿಸಿ, "ನಮ್ಮ ಮನೆ ಅಲ್ಲಿತ್ತು" ಅಂದರು. ಲಾಂಚು ಸ್ವಲ್ಪ ಮುಂದೆ ಹೋದ ಮೇಲೆ ಬೇರೆ ಕಡೆ ತೋರಿಸಿ, "ಅಲ್ಲ, ಅಲ್ಲಿರಬೇಕು" ಅಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಸರಿಯಾಗಿ ಗೊತ್ತಾಗ್ತಿಲ್ಲ. ನಾನಾಗ ತುಂಬಾ ಸಣ್ಣವ" ಎಂದು ನಕ್ಕರು. ಗೊತ್ತಿಲ್ಲ ಅಂತ ನನ್ನೆದುರು ಒಪ್ಪಿಕೊಂಡ ಗಂಡಸು ಅವರೇ ಮೊದಲು. ನನಗೆ ಇಷ್ಟವಾಯಿತು. ವಾಪಸು ಬಂದು ಹೂಂ ಅಂದೆ. ಸಕ್ಕರೆ ಹಂಚಿದ್ದೂ ಆಯಿತು.

ಅದಾದ ಮೇಲೆ ಬಂದ ಒಂದು ಭಾನುವಾರ ನಮ್ಮ ಚಕ್ರವರ್ತಿಗೆ ವಯಸ್ಸಾಗಿತ್ತು. ಗಂಡು ಸಂತಾನವಿಲ್ಲ, ನನ್ನ ಹೆಸರಿನ ಆ ಮಗಳು ಮಾತ್ರ. ಅಪ್ಪ ಕಿವಿಯಲ್ಲಿ ಹೇಳಿದರು, "ಹಂಗೇರಿ ರಾಜನ ಎರಡನೇ ಮಗ ಖಾಲಿ ಇದಾನೆ. ಅವನನ್ನೇ ತಂದುಕೋ."

ನಾನು ನೇರಳೆ ಚೌಕವನ್ನು ಹಂಗೇರಿಯ ರಾಜಕುಮಾರನ ಪಕ್ಕ ಇಟ್ಟು ದಾಳ ಹಾಕಿದೆ. ಮದುವೆ ಕೂಡಿಬಂತು. ಇನ್ನೇನು ಆ ಹುಡುಗನನ್ನು ಕಾನ್‌ಸ್ಟಾಂಟಿನೋಪಲ್ಲಿಗೆ ಸರಿಸಬೇಕು ಅಂತ ಕೈಚಾಚಿದೆ. ಅಷ್ಟರಲ್ಲಿ ಜವಳಿಯವರು ನನ್ನ ಹೆಸರಿನ ಚೌಕವನ್ನು ಎತ್ತಿಕೊಂಡು ತಮ್ಮ ಕಡೆ ಇಟ್ಟುಕೊಂಡರು.

"ಏ, ಅವಳನ್ನ ಯಾಕೆ ತಗೊಂಡ್ರಿ?" ಅಪ್ಪ ಕೇಳಿದರು. "ಹುಡುಗ ಇಲ್ಲಿಗೆ ಬರಬೇಕು."

"ಹುಡುಗ ಯಾಕೆ ಬರ್ತಾನೆ? ಹುಡುಗಿ ತಾನೇ ಬರೋದು!"

"ಇಲ್ಲಿ ಗಂಡು ದಿಕ್ಕಿಲ್ವಲ್ಲ ಮಾರಾಯ್ರೆ. ಅಂಥ ಮನೆಗೆ ಹುಡುಗ ಬರದೆ ಇನ್ನೆಂತ?"

ಇಬ್ಬರೂ ಲೆಕ್ಚರರ ಕಡೆ ತಿರುಗಿದರು. ಅವರು ಕನ್ನಡಕ ಏರಿಸಿ, ಹಾಳೆ ತಿರುವಿ, ಹುಡುಕಿ ಹೇಳಿದರು. ಮದುವೆಯಾದ ಹೆಣ್ಣು ಗಂಡನ ಮನೆತನಕ್ಕೆ ಸೇರುತ್ತಾಳೆ. ಹುಟ್ಟುವ ಮಕ್ಕಳೂ ಆ ಮನೆಯವೇ. "ಹಂಗಾದ್ರೆ ಚಕ್ರವರ್ತಿ ಸತ್ತ ದಿನ ನಿಮ್ಮ ಮನೆತನ ಮುಗೀತು. ಕಾನ್‌ಸ್ಟಾಂಟಿನೋಪಲ್ಲು ಹಂಗೇರಿಗೆ ಹೋಗುತ್ತೆ," ಎಂದು ಖುಷಿಯಿಂದಲೇ ಹೇಳಿದರು. ಪಾಪ, ಅವರಿಗೆ ಆಟವಷ್ಟೇ ಕಾಣುತ್ತಿತ್ತು.

ಅಪ್ಪ ಆ ಚೌಕವನ್ನೇ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿ, ಬೇರೆಯದೇ ದನಿಯಲ್ಲಿ ಕೇಳಿದರು. "ನಿಮ್ಮ ಅಣ್ಣನ ಮಗ ಪ್ರೆಸ್ಸಿಗೆ ಬರ್ತಾನಲ್ವಾ?"

"ಪ್ರೆಸ್ಸಿಗಾ?" ಜವಳಿಯವರ ಮುಖದಲ್ಲಿ ಗೊಂದಲವಲ್ಲದೆ ಬೇರೇನೂ ಇರಲಿಲ್ಲ. "ಅವನು ಯಾಕೆ ಬರ್ತಾನೆ? ಅಣ್ಣ ಅಷ್ಟು ಕಷ್ಟಪಟ್ಟು ಸಾಗರದಲ್ಲಿ ಮನೆ ಕಟ್ಟಿದ್ದು ಯಾಕೆ? ಒಂದು ಸಲ ಮನೆ ಮುಳುಗಿಸಿಕೊಂಡವರು ನಾವು."

"ನಾವು ಮಾತಾಡಿದ್ದು..."

"ಯಾವಾಗ ಮಾತಾಡಿದ್ದು?"

ಯಾವಾಗಲೂ ಮಾತಾಡಿರಲಿಲ್ಲ. ಹುಡುಗ ಬರುತ್ತಾನೆ ಅಂತ ನಮ್ಮ ಮನೆಯಲ್ಲಿ, ಹುಡುಗಿ ಬರುತ್ತಾಳೆ ಅಂತ ಅವರ ಮನೆಯಲ್ಲಿ, ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡಿದ್ದರು. ಅಪ್ಪ ಕೈ ನೀಡಿ ನನ್ನ ಹೆಸರಿನ ಚೌಕವನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅದು ಆಟದ ನಿಯಮಕ್ಕೆ ವಿರುದ್ಧ. ಲೆಕ್ಚರರು ನಿಯಮದ ಪುಸ್ತಕ ಮುಚ್ಚಿದರು. ಜವಳಿಯವರು ಅಣ್ಣನ ಹತ್ತಿರ ಕೇಳಿ ಬರುತ್ತೇನೆ ಎಂದು ಎದ್ದು ಬಸ್ಸಿಗೆ ಹೋದರು.

ನಕಾಶೆ ಮೇಜಿನ ಮೇಲೆಯೇ ಉಳಿಯಿತು. ಅಪ್ಪ ತೆಗೆಯಲಿಲ್ಲ, ಬೇರೆಯವರಿಗೂ ತೆಗೆಯಲು ಬಿಡಲಿಲ್ಲ. ಆ ವಾರ ನಮ್ಮ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸಲು ಜಾಗವೇ ಇರಲಿಲ್ಲ. ಬಿಲ್ ಪುಸ್ತಕಕ್ಕೆ ಬಂದವರಿಗೆಲ್ಲ ಅಮ್ಮ ನಾಳೆ ಬನ್ನಿ, ನಾಳೆ ಬನ್ನಿ ಎನ್ನುತ್ತಿದ್ದಳು.

ಸಾಗರದಿಂದ ಉತ್ತರ ಬಂತು. ಹುಡುಗನ ತಂದೆಗೆ ಮಗ ಅಲ್ಲೇ ಇರಬೇಕು ಅಂತ ಆಸೆ. ಆದರೆ ಹುಡುಗ, ಎಲ್ಲಿಯಾದರೂ ಸರಿ, ಹುಡುಗಿ ಹೇಳಿದ ಹಾಗಾಗಲಿ, ಬೇಕಾದರೆ ತೀರ್ಥಹಳ್ಳಿಗೆ ವರ್ಗ ಕೇಳುತ್ತೇನೆ ಅಂದರಂತೆ. ಎಲ್ಲರೂ ಎಂಥ ಒಳ್ಳೆಯ ಹುಡುಗ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಕಾಲೇಜು, ಯಾವ ಸೀರೆ, ಯಾವ ಬಸ್ಸು ಎನ್ನುವುದಕ್ಕೂ ನನ್ನನ್ನು ಒಂದು ಮಾತು ಕೇಳದಿದ್ದ ಜನ, ಈ ಒಂದನ್ನು ತಂದು ನನ್ನ ತಲೆಗೆ ಕಟ್ಟಿದ್ದರು.

"ನೀವೇ ಹೇಳಿ," ಎಂದು ಅಪ್ಪನ ಹತ್ತಿರ ಜಗಳಕ್ಕೇ ಹೋದೆ. ಅಪ್ಪ ಅಚ್ಚಾದ ಮೊಳೆಗಳನ್ನು ಬಿಡಿಸಿ, ಅಕ್ಷರಕ್ಕೊಂದು ಮನೆಯಿರುವ ಮರದ ಕೇಸಿಗೆ ವಾಪಸು ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಾನು ಹೇಳಲ್ಲ. ನಾನು ಈ ಮನೆಗೆ ಬರೋವಾಗ ನನ್ನನ್ನ ಯಾರೂ ಕೇಳ್ಲಿಲ್ಲ. ನಮ್ಮಪ್ಪ, ನಿನ್ನ ಅಜ್ಜ, ಇಬ್ರೂ ಕೂತು ಮುಗಿಸಿದ್ರು. ಬಸ್ ಹತ್ತೋವಾಗ ನಮ್ಮಮ್ಮ ಅತ್ತಳು. ಗಂಡು ಹುಡುಗನ್ನ ಕಳಿಸೋದಕ್ಕೆ ಯಾಕೆ ಅಳ್ತೀಯ ಅಂತ ಎಲ್ರೂ ಅವಳಿಗೆ ನಗಾಡಿದ್ರು. ನಾನೂ ನಕ್ಕೆ."

ನಾನು ಇಪ್ಪತ್ತು ವರ್ಷ ಅಪ್ಪನನ್ನು ನೋಡಿದ್ದೆ. ಅವರೂ ಒಂದು ಮನೆ ಬಿಟ್ಟು ಬಂದವರು ಅನ್ನುವುದು ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಅಪ್ಪ ಜೇಬಿನಿಂದ ಚೌಕ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಎಲ್ಲಿ ಇಡಬೇಕು ಅಂತ ಅನ್ನಿಸುತ್ತೋ ಅಲ್ಲಿ ಇಡು. ಪ್ರೆಸ್ಸಿನ ಚಿಂತೆ ನಿಂಗೆ ಬೇಡ."

ಪ್ರೆಸ್ಸಿನ ಚಿಂತೆ ಬೇಡ ಅಂದಿದ್ದೇ ತಡ, ನನಗೆ ಅದೊಂದೇ ಚಿಂತೆ ಶುರುವಾಯಿತು. ಆ ಚೌಕ ಹಿಡಿದುಕೊಂಡು ತಿರುಗಿದೆ. ಕಾಲೇಜಿಗೂ ಒಯ್ದೆ, ತುಂಗೆಯ ದಂಡೆಗೂ ಒಯ್ದೆ. ಬೆಳಿಗ್ಗೆ ಇಲ್ಲೇ ಇರಬೇಕು ಅನ್ನಿಸುತ್ತಿತ್ತು, ಸಂಜೆ ಹೋಗಬೇಕು ಅನ್ನಿಸುತ್ತಿತ್ತು. ಅಮ್ಮ ಹುಟ್ಟಿದ ಮನೆಯಲ್ಲೇ ಮದುವೆಯಾಗಿ, ಅದೇ ಒಲೆಯ ಮುಂದೆ ಕೂತವಳು. ಅವಳನ್ನು ಕೇಳಿದೆ, "ನಿಂಗೆ ಯಾವತ್ತಾದ್ರೂ ಬೇರೆ ಕಡೆ ಹೋಗಬೇಕು ಅನ್ನಿಸಿತ್ತಾ?" ಅವಳು ಅಕ್ಕಿ ಆರಿಸುತ್ತ ಯೋಚಿಸಿ, "ಹೋಗಿದ್ರೆ ತಾನೇ ಗೊತ್ತಾಗೋದು" ಅಂದಳು. ಅದು ಹೋಗು ಅಂತಲೋ ಬೇಡ ಅಂತಲೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಶನಿವಾರ ಮಧ್ಯಾಹ್ನ, ಪ್ರೆಸ್ಸಿನಲ್ಲಿ ಯಾರೂ ಇಲ್ಲದಾಗ, ಒಳಗೆ ಹೋಗಿ ಚೌಕವನ್ನು ಹಂಗೇರಿಯ ಗಡಿಯೊಳಗೆ, ಅಲ್ಲಿನ ರಾಜಕುಮಾರನ ಪಕ್ಕ ಇಟ್ಟೆ. ಖಚಿತವಾಗಿ ಇಟ್ಟೆ ಅಂತ ಹೇಳಲಾರೆ. ಕೈ ಹಿಂದಕ್ಕೆ ತೆಗೆಯುವವರೆಗೂ ನನಗೆ ಸಂಶಯವಿತ್ತು. ತೆಗೆದ ಮೇಲೂ ಇತ್ತು.

ಮರುದಿನ ಅಪ್ಪ ಚೌಕ ಎಲ್ಲಿದೆ ಅಂತ ನೋಡಿದರು. ಆಮೇಲೆ ನಕಾಶೆ ಮಡಿಸಿ ಪೆಟ್ಟಿಗೆಗೆ ಹಾಕಿ, ಹೊಸನಗರದಿಂದ ಬಂದ ಸ್ನೇಹಿತರಿಗೆ ಕಾಫಿ ಕೊಡಲು ಹೇಳಿದರು. ಬೈಜಾಂಟಿಯಮ್ಮಿನ ಆಟ ಅಲ್ಲಿಗೆ ಮುಗಿಯಿತು.

ನನ್ನ ಲಗ್ನಪತ್ರಿಕೆಯನ್ನು ಅಪ್ಪ ಕೆಲಸದವರ ಕೈಗೆ ಕೊಡಲಿಲ್ಲ, ತಾವೇ ಜೋಡಿಸಲು ಕೂತರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ತೀರ್ಥಹಳ್ಳಿಯ ಅರ್ಧ ಮದುವೆಗಳನ್ನು ಜೋಡಿಸಿದ ಕೈ ಅದು. ಮೊಳೆ ಹುಡುಕಲು ಅಪ್ಪ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಮುಹೂರ್ತದ ಸಾಲು ಮುಗಿಯಿತು, ಛತ್ರದ ಸಾಲು ಮುಗಿಯಿತು, 'ವಧುಪ್ರವೇಶ' ಅನ್ನುವುದೂ ಆಯಿತು. ಅದರ ಮುಂದೆ ಊರಿನ ಹೆಸರು ಬರಬೇಕು. ಅಪ್ಪನ ಕೈ ಕೇಸಿಗೆ ಹೋಗಿ ಒಂದು ಮೊಳೆ ಎತ್ತಿತು. ಎತ್ತಿದ್ದು 'ತೀ'.

ಅಪ್ಪ ಆ ಮೊಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಕಡೆ ನೋಡಲಿಲ್ಲ. ಅದನ್ನು ಅದರ ಮನೆಗೆ ವಾಪಸು ಹಾಕಿ, ಕನ್ನಡಕವನ್ನು ಪಂಚೆಯಲ್ಲಿ ಒರೆಸಿಕೊಂಡು, ಕೇಸಿನ ಮೇಲೆ ಬಗ್ಗಿ, ಹೊಸದಾಗಿ ಕೆಲಸ ಕಲಿಯುವವರ ಹಾಗೆ 'ಸಾ' ಎಲ್ಲಿದೆ ಅಂತ ಹುಡುಕತೊಡಗಿದರು.