ಫ್ರಿಜ್ ಬಾಗಿಲಿನ ಎರಡು ಸಾಲು

ಮೊನ್ನೆ ಸ್ವೀಡನ್ನಿನ ಕಿಸ್ಟಾದ ನಮ್ಮ ಕಚೇರಿಯಲ್ಲಿ, ಮೀಟಿಂಗ್ ಕೋಣೆಯ ಬಿಳಿ ಹಲಗೆಯ ಮೇಲೆ ಏನೋ ಬರೆಯಲು ಹಸಿರು ಮಾರ್ಕರಿನ ಮುಚ್ಚಳ ತೆಗೆದೆ. ಆ ವಾಸನೆ ನಿಮಗೂ ಗೊತ್ತಿರುತ್ತದೆ, ಅರ್ಧ ಸ್ಪಿರಿಟ್ಟು, ಅರ್ಧ ಪರೀಕ್ಷೆಯ ಹಿಂದಿನ ದಿನ. ಎದುರಿಗೆ ಕುಳಿತವರು ನಾನು ಬರೆಯಲೆಂದು ಕಾಯುತ್ತಿದ್ದರು. ನನಗೋ ವೆಸ್ಟೆರಾಸಿನ ಒಂದು ಬಾಡಿಗೆ ಮನೆಯ ಫ್ರಿಜ್ ಬಾಗಿಲು ಕಣ್ಣ ಮುಂದೆ ಬಂದು ನಿಂತಿತು. ಅದರ ಬೆನ್ನಿಗೇ ಎದೆಯ ಕೆಳಗೆ, ಊಟ ತಪ್ಪಿದರೆ ಉರಿಯುವ ಜಾಗದಲ್ಲಿ, ಸಣ್ಣಗೆ ಉರಿ. ಆಸಿಡಿಟಿ ಎಂದುಕೊಳ್ಳಲು ನೋಡಿದೆ. ಆದರೆ ಕನ್ನಡದಲ್ಲಿ ಅದಕ್ಕೆ ಇನ್ನೂ ಸರಿಯಾದ ಹೆಸರಿದೆ. ಹೊಟ್ಟೆಕಿಚ್ಚು.

ತಪ್ಪು ಮಾರ್ಕರಿನದೊಂದೇ ಅಲ್ಲ. ಅದಕ್ಕೆ ಎರಡು ದಿನ ಮೊದಲು ಇಲ್ಲಿಯ ಕನ್ನಡ ಬಳಗದ ಕಾರ್ಯದರ್ಶಿ ಫೋನ್ ಮಾಡಿದ್ದರು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ, ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಭಾನುವಾರ ಮಧ್ಯಾಹ್ನ ಒಂದು ಕಾರ್ಯಕ್ರಮವಂತೆ. ವಿಷಯ, ಬೆಳೆಯಲು ಬೇಕಾದ ಒಳ್ಳೆಯ ಅಭ್ಯಾಸಗಳು. ಮಾತಾಡುವವಳು ಅಕ್ಷತಾ. "ನೀವಿಬ್ರೂ ರೂಮ್‌ಮೇಟ್ಸ್ ಆಗಿದ್ರಂತಲ್ಲ ಮೇಡಂ, ನೀವೇ ಐದು ನಿಮಿಷ ಇಂಟ್ರಡ್ಯೂಸ್ ಮಾಡಿಬಿಡಿ. ಅವರ ಡಿಸಿಪ್ಲಿನ್ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು. ಅವಳ ಡಿಸಿಪ್ಲಿನ್. ಆಗಲಿ ಎಂದೆ. ಇಲ್ಲ ಎನ್ನಲು ಹೊಟ್ಟೆಕಿಚ್ಚಿನ ಹೊರತು ಬೇರೆ ಕಾರಣ ಇರಲಿಲ್ಲ, ಅದನ್ನು ಕಾರ್ಯದರ್ಶಿಗಳ ಮುಂದೆ ಹೇಳುವ ಹಾಗಿರಲಿಲ್ಲ.

ಎಂಟು ವರ್ಷದ ಹಿಂದೆ ನಾನು ಬೆಂಗಳೂರಿನಿಂದ, ಅವಳು ಗದಗಿನಿಂದ, ವೆಸ್ಟೆರಾಸಿನ ಒಂದೇ ಕಂಪನಿಗೆ ಒಂದು ವರ್ಷದ ಕರಾರಿನ ಮೇಲೆ ಬಂದೆವು. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳನ್ನು ಪರೀಕ್ಷೆ ಮಾಡುವ ತಂಡದಲ್ಲಿ ಅಕ್ಕಪಕ್ಕದ ಮೇಜು. ಎರಡು ಕೋಣೆಯ ಮನೆಯನ್ನೂ ಹಂಚಿಕೊಂಡೆವು. ವರ್ಷದ ಕೊನೆಗೆ ತಂಡದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗುತ್ತದೆ ಎನ್ನುವುದು ಬಂದ ವಾರವೇ ಇಬ್ಬರಿಗೂ ಗೊತ್ತಾಯಿತು. ಒಂದೇ ಹುದ್ದೆ. ಅದರ ಬಗ್ಗೆ ನಾವು ಮನೆಯಲ್ಲಿ ಎಂದೂ ಮಾತಾಡಲಿಲ್ಲ. ಮಾತಾಡಿದ್ದೆವೇನೋ, ನನಗೆ ನೆನಪಿಲ್ಲ. ನನ್ನ ನೆನಪನ್ನು ನಾನೇ ಹೆಚ್ಚು ನಂಬುವುದಿಲ್ಲ, ನೀವೂ ಸ್ವಲ್ಪ ಎಚ್ಚರವಾಗಿರಿ.

ಆ ದಿನಗಳಲ್ಲಿ ನಾನು ಸುಧಾರಿಸಿಕೊಳ್ಳುವ ಹುಚ್ಚಿನಲ್ಲಿದ್ದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕುಳಿತು ನೋಡಿದ ವಿಡಿಯೋಗಳೆಲ್ಲ ತಲೆಯಲ್ಲಿದ್ದವು. ಯಶಸ್ವಿಯಾದವರೆಲ್ಲ ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಉಳಿದವರೆಲ್ಲ ನಮ್ಮ ಹಾಗೆ ಟ್ರಾಫಿಕ್ಕಿನಲ್ಲಿ ಕೂರುತ್ತಾರೆ ಎಂಬುದು ಅವುಗಳ ಸಾರ. ಒಂದು ಉದ್ದನೆಯ ಹಾಳೆಗೆ ಹಸಿರು ಮಾರ್ಕರಿನಲ್ಲಿ ಗೆರೆ ಎಳೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಮೇಲಿನ ಸಾಲು ನನ್ನದು, ಕೆಳಗಿನದು ಅಕ್ಷತಾಳದು. ಅಂದಿನ ಅಭ್ಯಾಸಗಳೆಲ್ಲ ಮುಗಿದರೆ ಆ ದಿನದ ಚೌಕಕ್ಕೆ ಒಂದು ಹಸಿರು ಗುರುತು. ನನ್ನ ಪಾಲಿಗೆ ಐದಕ್ಕೆ ಏಳುವುದು, ಧ್ಯಾನ, ತಣ್ಣೀರು ಸ್ನಾನ, ಮೂವತ್ತು ಸ್ವೀಡಿಷ್ ಪದ, ಸಕ್ಕರೆ ಇಲ್ಲ, ದಿನಚರಿ. ಅಕ್ಷತಾ ಎರಡೇ ಒಪ್ಪಿಕೊಂಡಳು, ಐದಕ್ಕೆ ಏಳುವುದು ಮತ್ತು ಸ್ವೀಡಿಷ್ ಕಲಿಯುವುದು. ಜನವರಿಯಲ್ಲಿ ವೆಸ್ಟೆರಾಸಿನ ನಲ್ಲಿಯಿಂದ ಬರುವ ತಣ್ಣೀರನ್ನು ನೀರು ಎನ್ನುವುದೇ ತಪ್ಪು. ಅಮ್ಮ ಫೋನಿನಲ್ಲಿ, ತಣ್ಣೀರು ಸ್ನಾನ ಮಾಡೋಕೆ ಅಷ್ಟು ದೂರ ಹೋಗಬೇಕಿತ್ತಾ ಎಂದು ಕೇಳಿದ್ದಳು.

ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ, ಮಧ್ಯಾಹ್ನ ಎರಡೂವರೆಗೆ ಎಲ್ಲರೂ ಎದ್ದು ಫೀಕಾಗೆ ಹೋಗುತ್ತಿದ್ದರು. ಕಾಫಿ, ಬನ್ನು, ಮಾತು. ದಿನಕ್ಕೆ ನಲವತ್ತು ನಿಮಿಷ. ನಾನು ಲೆಕ್ಕ ಹಾಕಿದೆ, ನಲವತ್ತು ನಿಮಿಷದಲ್ಲಿ ಮೂವತ್ತು ಪದ ಬಾಯಿಪಾಠವಾಗುತ್ತದೆ. ಹಾಗಾಗಿ ಎಲ್ಲರೂ ಎದ್ದು ಹೋಗಿ ಸ್ವೀಡಿಷ್ ಮಾತಾಡುವಾಗ ನಾನು ಖಾಲಿ ಕಚೇರಿಯಲ್ಲಿ ಒಬ್ಬಳೇ ಕುಳಿತು ಸ್ವೀಡಿಷ್ ಕಲಿಯುತ್ತಿದ್ದೆ. ಇದರಲ್ಲೇನೋ ಎಡವಟ್ಟಿದೆ ಎಂದು ಒಂದು ವರ್ಷವೂ ನನಗೆ ಹೊಳೆಯಲಿಲ್ಲ. ಅಕ್ಷತಾ ಮಾತ್ರ ಹೋಗುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಇನ್ನೂರು ಪದ. ಆ ಇನ್ನೂರನ್ನೇ ತಿರುಗಿಸಿ ಮುರುಗಿಸಿ, ಸಾಲದ ಕಡೆ ಕೈ ಬೀಸಿ ಮಾತಾಡುತ್ತಿದ್ದಳು. ಗೋಡೆಯ ಆಚೆಯಿಂದ ನಗು ಕೇಳಿದಾಗಲೆಲ್ಲ ನಾನು ಮುಂದಿನ ಪದದ ಚೀಟಿ ತಿರುಗಿಸುತ್ತಿದ್ದೆ.

ಶುಕ್ರವಾರದ ಫೀಕಾಗೆ ತಿಂಡಿ ತರುವುದು ಸರದಿಯ ಮೇಲೆ. ಮನೆಯಲ್ಲೇ ಮಾಡಿ ತಂದರೆ ಮರ್ಯಾದೆ. ಅಕ್ಷತಾ ತನ್ನ ಸರದಿಗೆ ಶಂಕರಪೋಳೆ ಕರಿದು ಡಬ್ಬಿ ತುಂಬ ಒಯ್ದಳು. ಇದನ್ನು ಏಕೆ ಹೀಗೆ ಕತ್ತರಿಸುತ್ತೀರಿ ಎಂದು ಯಾರೋ ಕೇಳಿ, ಅವಳು ಇನ್ನೂರು ಪದಗಳಲ್ಲಿ ಉತ್ತರಿಸಿ, ಅರ್ಧ ಗಂಟೆ ಕಳೆಯಿತಂತೆ. ನನ್ನ ಸರದಿ ಬಂದಾಗ ನಾನು ಸೇಬು ಹೆಚ್ಚಿ, ಪಕ್ಕದಲ್ಲಿ ಬಾದಾಮಿ ಇಟ್ಟೆ. ತಟ್ಟೆಯ ಬಳಿ ಒಂದು ಚೀಟಿಯನ್ನೂ ಇಟ್ಟೆ, ಸಕ್ಕರೆ ಬಿಟ್ಟರೆ ಆಗುವ ಲಾಭಗಳ ಬಗ್ಗೆ, ತಪ್ಪಿಲ್ಲದ ಸ್ವೀಡಿಷ್‌ನಲ್ಲಿ. ಎಲ್ಲರೂ ಧನ್ಯವಾದ ಹೇಳಿದರು. ಈ ದೇಶದಲ್ಲಿ ಧನ್ಯವಾದಕ್ಕೆ ಬರವಿಲ್ಲ. ಸಂಜೆ ಬಾದಾಮಿಯನ್ನು ಹಾಗೇ ಮನೆಗೆ ತಂದೆ.

ಹುದ್ದೆ ಯಾರಿಗೆ ಸಿಕ್ಕಿತು ಎಂದು ನೀವು ಊಹಿಸಿರುತ್ತೀರಿ. ತಂಡದ ಮುಖ್ಯಸ್ಥೆ ಗುನಿಲ್ಲಾ, ಅರವತ್ತರ ಹತ್ತಿರದ ಹೆಂಗಸು, ನನ್ನನ್ನು ಕೋಣೆಗೆ ಕರೆದು ತಾನೇ ಕಾಫಿ ತಂದುಕೊಟ್ಟಳು. ನಾನು ಕುಡಿಯಲಿಲ್ಲ. "ನಿನ್ನ ವರದಿಗಳಲ್ಲಿ ಒಂದು ತಪ್ಪೂ ನನಗೆ ಸಿಕ್ಕಿಲ್ಲ," ಎಂದಳು. "ಆದರೆ ನೀನು ಯಾರೆಂದು ನಮಗಿನ್ನೂ ಗೊತ್ತಾಗಿಲ್ಲ." ಅವಳು ಇಷ್ಟನ್ನು ಸ್ವೀಡಿಷ್‌ನಲ್ಲೇ ಹೇಳಿದಳು, ನನಗೆ ಪ್ರತಿಯೊಂದು ಪದವೂ ಅರ್ಥವಾಯಿತು. ನನ್ನ ಅಭ್ಯಾಸಕ್ಕೆ ಸಿಕ್ಕ ಫಲ ಅದೊಂದೇ.

ತಿಂಗಳೊಳಗೆ ನಾನು ಕಿಸ್ಟಾದಲ್ಲಿ ಬೇರೆ ಕೆಲಸ ಹಿಡಿದು ಮನೆ ಖಾಲಿ ಮಾಡಿದೆ. ಅಕ್ಷತಾ ಅಲ್ಲೇ ಬೆಳೆದಳು, ಈಗ ಗುನಿಲ್ಲಾಳ ಕುರ್ಚಿಯಲ್ಲಿ ಕೂರುತ್ತಾಳೆ. ಹಬ್ಬಕ್ಕೊಮ್ಮೆ ಸಂದೇಶ ಕಳಿಸುತ್ತಾಳೆ, ನಾನು ಕೈಮುಗಿಯುವ ಚಿತ್ರ ಕಳಿಸುತ್ತೇನೆ. ಇಷ್ಟು ವರ್ಷ ನಾನು ಒಂದು ನಂಬಿಕೆಯನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೆ. ಅಕ್ಷತಾ ಶ್ರಮಪಟ್ಟವಳಲ್ಲ, ಎಂಟರ ಮೊದಲು ಎದ್ದವಳಲ್ಲ, ನಗುನಗುತ್ತಾ ಮಾತಾಡಿ ಗೆದ್ದವಳು. ಬಿಸಿಯಾಗಿ ಒಂದು ಹುದ್ದೆ ಅವಳ ತಟ್ಟೆಗೆ ಬಿತ್ತು, ಅಷ್ಟೆ. ಫ್ರಿಜ್ ಬಾಗಿಲಿನ ಖಾಲಿ ಸಾಲೇ ಸಾಕ್ಷಿ. ಭಾನುವಾರ ಮಾಡಿಕೊಡಬೇಕಾದ ಪರಿಚಯವನ್ನು ಬರೆಯಲು ಕುಳಿತಾಗ ಮೊದಲು ಬಂದ ವಾಕ್ಯವೂ ಅದೇ: "ನನಗೆ ಗೊತ್ತಿದ್ದ ಅಕ್ಷತಾ ಎಂಟು ಗಂಟೆಗೆ ಏಳುತ್ತಿದ್ದಳು." ತಮಾಷೆಯ ಹಾಗೆ ಕೇಳಿಸುತ್ತದೆ. ಜನ ನಗುತ್ತಾರೆ. ಹಾಗೆಯೇ ಸ್ವಲ್ಪ ಸತ್ಯವೂ ಅವರ ಕಿವಿಗೆ ಬೀಳುತ್ತದೆ.

ಒಂದು ಉದಾಹರಣೆ ಬೇಕಿತ್ತು. ಅದಕ್ಕಾಗಿ ಆ ವರ್ಷದ ದಿನಚರಿ ತೆಗೆದೆ. ಹುದ್ದೆ ಕೈತಪ್ಪಿದ ವಾರದಲ್ಲಿ ನಾನು ಹವಾಮಾನವನ್ನು ಮಾತ್ರ ಬರೆದಿದ್ದೇನೆ, ಮೋಡ, ಮೋಡ, ಸ್ವಲ್ಪ ಬಿಸಿಲು. ಹಿಂದಕ್ಕೆ ತಿರುವಿದೆ. ಫೆಬ್ರವರಿಯ ಒಂದು ಪುಟ ಹೀಗಿತ್ತು:

"ನಾನು ಅಂಟಿಸಿದ ಚಾರ್ಟಿಗೆ ಇವತ್ತಿಗೆ ಒಂದು ತಿಂಗಳು. ನನ್ನದು ಮೂವತ್ತಕ್ಕೆ ಮೂವತ್ತು. ಇವತ್ತೂ ಬಿಸಿನೀರೇ, ಆದರೂ ಗುರುತು ಹಾಕಿದೆ. ಅಕ್ಷತಾ ಐದಕ್ಕೆ ಮೊದಲೇ ಎದ್ದು ಅಡುಗೆಮನೆಯಲ್ಲಿ ಓದುತ್ತಿದ್ದಳು. ದಿನವೂ ಏಳುತ್ತಾಳೆ. ಗುರುತು ಹಾಕಲು ಮರೆಯುತ್ತಾಳೆ. ನಾನು ನೆನಪಿಸುವುದಿಲ್ಲ. ಅವಳ ಸಾಲು ಖಾಲಿ ಇದ್ದರೆ ನನಗೆ ಖುಷಿಯಾಗುತ್ತದೆ."

ಅಕ್ಷರ ನನ್ನದೇ. ಎರಡು ಸಲ ಓದಿದೆ. "ಇವತ್ತೂ" ಎಂಬಲ್ಲಿ ಕಣ್ಣು ಸಿಕ್ಕಿಕೊಂಡಿತು. ಹಾಗಾದರೆ ಎಷ್ಟು ದಿನ ಬಿಸಿನೀರು ಹಾಕಿಕೊಂಡಿದ್ದೆ? ಎಂಟು ಗಂಟೆಗೆ ಏಳುವ ಅಕ್ಷತಾಳನ್ನು ನಾನು ಎಲ್ಲಿಂದ ತಂದೆ? ಬಹುಶಃ ಭಾನುವಾರಗಳಿಂದ. ಬೇಕಾದ ಭಾನುವಾರಗಳನ್ನೆಲ್ಲ ಆಯ್ದು ಪೋಣಿಸಿ ಒಂದು ವರ್ಷ ಮಾಡಿಕೊಂಡಿದ್ದೆ. ಪರಿಚಯದ ಮೊದಲ ವಾಕ್ಯವನ್ನು ಹೊಡೆದುಹಾಕಿದೆ. ಅದರ ಜಾಗಕ್ಕೆ ಬೇರೆ ವಾಕ್ಯ ಬರಲಿಲ್ಲ. ಅವಳು ಮಾಡಿದ್ದಳು, ನಾನು ಮಾಡಿದ ಹಾಗೆ ತೋರಿಸಿದ್ದೆ ಎಂದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಇನ್ನೂ ಜಾಸ್ತಿಯಾಯಿತು. ಅಲ್ಲಿಯವರೆಗೆ ಅವಳ ಅದೃಷ್ಟದ ಮೇಲೆ ಇದ್ದದ್ದು ಈಗ ಅವಳ ಮೇಲೆಯೇ ಬಂತು.

ಭಾನುವಾರ ದಿನಚರಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಏಕೆ ಎಂದು ಕೇಳಬೇಡಿ. ಸಭಾಂಗಣದಲ್ಲಿ ನಲವತ್ತು ಜನ ಇದ್ದಿರಬಹುದು, ಹೆಚ್ಚಿನವರು ಈ ದೇಶಕ್ಕೆ ಬಂದು ವರ್ಷ ತುಂಬದ ಹುಡುಗ ಹುಡುಗಿಯರು. ನಾನು ಎರಡೇ ನಿಮಿಷದಲ್ಲಿ ಊರು, ಓದು, ಹುದ್ದೆ ಹೇಳಿ ಕುಳಿತೆ. ಅಕ್ಷತಾ ಎದ್ದು ನಿಂತಳು. ಬೆರಕೆ ಸಭೆಯಲ್ಲಿ ಅವಳು ಗದಗಿನ ಮಾತನ್ನು ಮಡಿಸಿಟ್ಟು ಬೆಂಗಳೂರಿನ ಕನ್ನಡ ಆಡುತ್ತಾಳೆ, ಇಂಗ್ಲಿಷ್ ಬೆರೆಸಿ. ಚೆನ್ನಾಗಿಯೇ ಮಾತಾಡಿದಳು. ಹತ್ತು ನಿಮಿಷ ಕಳೆದ ಮೇಲೆ ಹೀಗೆಂದಳು:

"ವೆಸ್ಟೆರಾಸ್‌ನಲ್ಲಿ ನಮ್ಮ ಫ್ರಿಜ್ ಮೇಲೆ ನಾನೊಂದು ಚಾರ್ಟ್ ಅಂಟಿಸಿದ್ದೆ. ದಿನಾ ಟಿಕ್ ಹಾಕೋದು. ನನ್ನ ರೂಮ್‌ಮೇಟ್ ಅದನ್ನ ನೋಡಿ ನಗ್ತಿದ್ಲು. ಬೇಕಾದ್ರೆ ಕೇಳಿ, ಇಲ್ಲೇ ಕೂತಿದಾಳೆ."

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. ಹುದ್ದೆ ಹೋಗಿತ್ತು, ಅದು ಹಳೆಯ ಮಾತು. ಈಗ ಚಾರ್ಟ್ ಕೂಡ ಹೋಯಿತು. ಅವಳ ಮುಖದಲ್ಲಿ ಕಪಟ ಇರಲಿಲ್ಲ, ಅದೇ ಹೆಚ್ಚು ಉರಿಸಿದ್ದು. ಚೀಲದಲ್ಲಿ ಸಾಕ್ಷಿ ಇತ್ತು. ತೆಗೆದು ಓದಬಹುದಿತ್ತು, ಮೊದಲ ಸಾಲು ಮಾತ್ರ. ಆದರೆ ನನಗೆ ಗೊತ್ತು, ಮೊದಲ ಸಾಲು ಕೇಳಿಸಿಕೊಂಡವರು ಕೊನೆಯ ಸಾಲನ್ನೂ ಕೇಳುತ್ತಾರೆ.

"ಅಂಟಿಸಿದ್ದು ನಾನು," ಎಂದೆ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಮುಖಗಳೆಲ್ಲ ಇನ್ನೂ ನನ್ನ ಕಡೆಗೇ ಇದ್ದವು, ಇನ್ನೊಂದು ಮಾತೂ ಬಾಯಿಂದ ಬಂತು. "ಆದ್ರೆ ನನ್ನ ಸಾಲಲ್ಲಿ ಅರ್ಧ ಸುಳ್ಳು."

ಎಲ್ಲರೂ ನಕ್ಕರು, ಅಕ್ಷತಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಕೊನೆಗೆ ಕಾರ್ಯದರ್ಶಿಗಳು ನಮ್ಮಿಬ್ಬರ ಜುಗಲ್‌ಬಂದಿ ಬಹಳ ಚೆನ್ನಾಗಿತ್ತು, ಮೊದಲೇ ಮಾತಾಡಿಕೊಂಡಿದ್ರಾ ಎಂದು ವಿಚಾರಿಸಿದರು.

ಮೆಟ್ರೋ ನಿಲ್ದಾಣಕ್ಕೆ ಇಬ್ಬರೂ ಜೊತೆಯಲ್ಲೇ ನಡೆದೆವು. ಅವಳು ವೆಸ್ಟೆರಾಸಿನ ರೈಲು ಹಿಡಿಯಲು ಊರೊಳಗೆ ಹೋಗಬೇಕಿತ್ತು, ನನ್ನ ಮನೆಯೂ ಅದೇ ದಾರಿ. ಮೆಟ್ಟಿಲ ಹತ್ತಿರ ಬರುವ ಹೊತ್ತಿಗೆ ಅವಳಿಗೆ ಗದಗಿನ ಮಾತು ಮರಳಿತ್ತು. "ಖರೇನ ನಿಂದಾಗಿತ್ತೇನವಾ ಆ ಚಾರ್ಟು? ನನಗ ನಂದ ಅಂತ ನೆನಪೈತಿ."

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ದಿನಚರಿ ತೆಗೆದೆ. ಆ ಪುಟ ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಓದಿ ತಲೆಯಾಡಿಸಿದಳು. ಅಲ್ಲಿಗೆ ಮುಚ್ಚಿಬಿಡಬಹುದಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ, ತನ್ನ ನೆನಪನ್ನು ಹಾಗೆ ಕೆಳಗಿಟ್ಟಳಲ್ಲ, ಅದನ್ನು ನೋಡಿಕೊಂಡು ಮುಚ್ಚಲು ಆಗಲಿಲ್ಲ. ಬೆರಳು ತೆಗೆದು ಪುಸ್ತಕವನ್ನು ಅವಳ ಕೈಗೇ ಕೊಟ್ಟೆ.

ನಿಧಾನವಾಗಿ ಓದಿದಳು. ಕೊನೆಯ ಸಾಲಿನಲ್ಲಿ ಅವಳ ಕಣ್ಣು ನಿಂತದ್ದು ನನಗೆ ಕಂಡಿತು. ಒಂದು ರೈಲು ಬಂದು ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು.

"ಗೊತ್ತಿತ್ತು," ಎಂದಳು. "ಒಂದಿನ ನಾನೂ ಟಿಕ್ ಹಾಕಿದ್ದೆ. ಅವತ್ತ ನೀ ಊಟದಾಗ ಮಾತಾಡಲಿಲ್ಲ. ಮರುದಿನದಿಂದ ಬಿಟ್ಟೆ."

ಇದು ನಡೆದದ್ದೋ, ಆ ಗಳಿಗೆಯಲ್ಲಿ ಹುಟ್ಟಿದ್ದೋ ನನಗೆ ಇನ್ನೂ ಗೊತ್ತಿಲ್ಲ. ಐದು ನಿಮಿಷದ ಹಿಂದಿನವರೆಗೂ ಚಾರ್ಟೇ ತನ್ನದೆಂದು ನಂಬಿದ್ದವಳು. ಅವಳು ದಿನಚರಿ ಬರೆದವಳಲ್ಲ, ನನ್ನದರಲ್ಲಿ ಅಂಥ ಒಂದು ಊಟ ಇಲ್ಲ. ಆಮೇಲೆ ಹುಡುಕಿದೆ. ಆದರೆ ನಡೆದಿರದಿದ್ದರೂ, ಎದುರಿನವಳಿಗೆ ನೋವಾಗದಿರಲೆಂದು ಗುರುತು ಬಿಟ್ಟೆ ಎನ್ನುವಂಥ ಮಾತು ಕಟ್ಟಲು ನನಗೆ ಎಂದೂ ಹೊಳೆಯುತ್ತಿರಲಿಲ್ಲ. ಆ ಉರಿ ಮತ್ತೆ ಎದ್ದಿತು. ಕೈಮುಗಿಯುವ ಚಿತ್ರ ಕಳಿಸಿ ಏಳು ವರ್ಷ ಸಾಕಿದ್ದನ್ನು ಇನ್ನೂ ಸಾಕಲು ಬೇಸರವಾಯಿತು.

"ಅಕ್ಷತಾ, ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು," ಎಂದೆ. "ಆಗಿಂದಲೂ. ಈಗ್ಲೂ."

ಅವಳು ಮೇಲಿನ ಫಲಕ ನೋಡಿದಳು, ಚೀಲವನ್ನು ತೊಡೆಯ ಮೇಲಿಂದ ಕೆಳಗಿಟ್ಟು ನನ್ನ ಕಡೆ ತಿರುಗಿ ಕುಳಿತಳು. "ಹೇಳು. ಇನ್ನೊಂದು ಟ್ರೇನಿಗೆ ಎಂಟು ನಿಮಿಷ ಐತಿ."

ಶಂಕರಪೋಳೆಯಿಂದ ಶುರು ಮಾಡಿದೆ. ಎಂಟು ನಿಮಿಷ ಸಾಲಲಿಲ್ಲ.