ಕುರಿ ಬೇಡವೆನ್ನಲು ಮುಶಿಗೇರಿಗೆ

ದೀಪಾವಳಿ ಮುಗಿದ ವಾರ ಕಲಘಟಗಿಯಿಂದ ಬೆಳಗಿನ ಆರರ ಬಸ್ ಹಿಡಿದೆ. ಹೆಂಗಸರಿಗೆ ಟಿಕೆಟಿನ ಹಣವಿಲ್ಲದ ಕಾಲ. ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿಯ ಚೀಟಿ ಹಿಡಿದು ಕಿಟಕಿಗೆ ಕೂತೆ. ಹೊರಟ ಕೆಲಸ ಮಾತ್ರ ಹಗುರವಾಗಿರಲಿಲ್ಲ. ಹೋದ ಬೇಸಿಗೆಯಲ್ಲಿ ಮುಶಿಗೇರಿಯ ಬೀರಪ್ಪ, ಯಲ್ಲವ್ವ ದಂಪತಿ ಮೊದಲ ಸಲ ನಮ್ಮ ಎರಡೆಕರೆ ಗದ್ದೆಯಲ್ಲಿ ಹದಿನೈದು ರಾತ್ರಿ ಕುರಿ ನಿಲ್ಲಿಸಿದ್ದರು. ಹಿಕ್ಕೆ, ಗಂಜಲ ಬಿದ್ದದ್ದೇ ಗೊಬ್ಬರ. ಅದಕ್ಕೆ ನಾವು ಅಕ್ಕಿ ಕೊಟ್ಟೆವು. ಈ ಮಳೆಗಾಲದಲ್ಲಿ ಭತ್ತ ಎದೆಯೆತ್ತರ ಬೆಳೆದು, ತೆನೆ ತುಂಬುವ ಮೊದಲೇ ಮಲಗಿಬಿಟ್ಟಿತು. ಅರ್ಧಕ್ಕರ್ಧ ಜೊಳ್ಳು.

"ಎಲ್ಲಾ ಕುರಿಯಿಂದನ ಆತು. ಈ ಸಲ ಬ್ಯಾಡ ಅಂತ ಹೇಳಿ ಬಾ" ಎಂದು ಯಜಮಾನರು ಕಳಿಸಿದ್ದರು. ಫೋನಿನಲ್ಲೇ ಹೇಳಬಹುದಿತ್ತು. ಹದಿನೈದು ದಿನ ನಮ್ಮ ಹಿತ್ತಲಿನ ನೀರು ಕುಡಿದವರಿಗೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿದೆ. ನರಗುಂದದ ಹತ್ತಿರ ಪಕ್ಕದಲ್ಲಿ ಕೂತವರು ಕಾಲುವೆ ನೀರಿನ ರೈತರು. ನನ್ನ ಕಥೆ ಕೇಳಿ, "ಬರೇ ಸರಕಾರಿ ಗೊಬ್ಬರ, ಯೂರಿಯಾ ಸುರುವಿ ನಮ್ಮ ಹೊಲ ಕಲ್ಲಾಗೇತ್ರಿ. ಕುರಿ ಸಿಕ್ಕಿದ್ದ ನಿಮ್ಮ ಪುಣ್ಯಾ, ಬಿಡಬ್ಯಾಡ್ರಿ" ಎಂದರು. ಅವರ ಮಾತು ಖರೆಯೆನಿಸಿತು.

ರೋಣದಲ್ಲಿ ಇಳಿದು, ಹತ್ತು ಗಂಟೆಗೆ ಮಿರ್ಚಿ ಮಂಡಕ್ಕಿ ತಿಂದು, ಎದುರಿನ ಗೊಬ್ಬರದ ಅಂಗಡಿಯವರನ್ನೂ ಕೇಳಿದೆ. ಅವರು ನಕ್ಕರು. "ಹಿಕ್ಕಿ ಜೋಡಿ ಕಸದ ಬೀಜಾನೂ ಬರತಾವ್ರಿ ಅಮ್ಮಾರ. ಈಗ ಬಾಟ್ಲಿ ಯೂರಿಯಾ ಬಂದೈತಿ, ಅದನ್ನ ಹೊಡೀರಿ." ಯೂರಿಯಾ ಚೀಲವೇ ಸಾಲದೆಂದು ಈಗ ಬಾಟಲಿಯೂ ಬಂತು. ಅದೂ ಖರೆಯಂತೆಯೇ ಕೇಳಿಸಿತು. ಯಾರು ಮಾತಾಡಿದರೂ ಅವರ ಕಡೆಗೇ ವಾಲುತ್ತಿದ್ದ ನನ್ನ ತಲೆಯ ಮೇಲೆ ನನಗೇ ಸಿಟ್ಟು ಬಂತು.

ಮುಶಿಗೇರಿಯಲ್ಲಿ ಹಿಂದಿನ ರಾತ್ರಿ ಮಳೆಯಾಗಿತ್ತು. ಕರಿಮಣ್ಣು ಚಪ್ಪಲಿಗೆ ಮೆತ್ತಿ, ಎತ್ತಿಡುವ ಹೆಜ್ಜೆ ಹೆಜ್ಜೆಗೂ ಭಾರ. ಬೀರಪ್ಪ ಕುರಿಗಳೊಂದಿಗೆ ದೂರ ಹೋಗಿದ್ದ. ಯಲ್ಲವ್ವ ತನ್ನ ಹೊಲದಲ್ಲಿ, ಮೊಳಕಾಲುದ್ದದ ಜೋಳದ ಸಾಲಿನಲ್ಲಿ, ಉಡಿಯೊಳಗಿನ ಬಿಳಿ ಹರಳುಗಳನ್ನು ಉಗ್ಗುತ್ತಿದ್ದಳು. ಯೂರಿಯಾ! ನನಗೆ ನಂಬಲಾಗಲಿಲ್ಲ.

"ಏನ ಯಲ್ಲವ್ವಾ, ಮನಿಯಾಗ ಕುರಿ ಹಿಂಡ ಇಟಗೊಂಡು ಇದನ್ನ ಹಾಕ್ತೀಯಲ್ಲ?"

ಅವಳು ಉಡಿ ಬಿಚ್ಚದೆಯೇ ಬಂದಳು. "ನಮ್ಮ ಕುರಿ ನಮ್ಮ ಹೊಲದಾಗ ನಿಂತ್ರ ನಮಗ ಅಕ್ಕಿ ಯಾರ್ ಕೊಡ್ತಾರ ಅಕ್ಕಾರ? ನಿಮ್ಮ ಅಕ್ಕಿ ಮ್ಯಾಲ ನಮ್ಮ ಮಳಿಗಾಲ ನಡದೈತಿ."

ಕುರಿ ಬೇಡವೆನ್ನುವುದನ್ನು ಬದಿಗಿಟ್ಟೆ. ಹಾಗೂ ಹೀಗೂ ಭತ್ತ ಮಲಗಿದ ಸಂಗತಿ ಹೇಳಿದೆ. ಅವಳು ಮುಖ ಸಣ್ಣದು ಮಾಡಿಕೊಂಡು ಕೇಳಿದಳು.

"ಯೂರಿಯಾ ಚೀಲ ಎಷ್ಟ ಹಾಕಿದ್ರಿ?"

"ವರ್ಷಾ ಹಾಕೂವಷ್ಟ. ನಾಕು."

"ಕುರಿ ನಿಂತ ಮ್ಯಾಲೂ ನಾಕು? ಹೊಟ್ಟಿ ತುಂಬಿದವಗ ಮತ್ತ ಉಣ್ಣಾಕ ನೀಡಿದ್ರ ಅಂವ ಮಲಗದ ಏನ್ ಮಾಡ್ತಾನ್ರಿ?"

ಪೈರು ಕಪ್ಪಾಗುವಷ್ಟು ಹಸಿರಾಗಿದ್ದುದನ್ನು ಯಜಮಾನರೂ ನಾನೂ ಕಣ್ಣಾರೆ ಕಂಡಿದ್ದೆವು. ಪಕ್ಕದ ಗದ್ದೆಯವರು ಚೀಲ ಬಿಚ್ಚಿದ್ದು ನೋಡಿ ನಮಗೂ ಕೈ ತಡೆಯಲಾಗಲಿಲ್ಲ. ನಮ್ಮ ಬೆಳೆ ಹಿಂದೆ ಬಿದ್ದೀತೆಂಬ ಹೆದರಿಕೆ, ಬೇರೇನಲ್ಲ. ಯಲ್ಲವ್ವನೆದುರು ನಾಚಿಕೆಯಾಯಿತು.

"ನಮ್ಮ ಕುರಿ ಮ್ಯಾಲ ನಂಬಿಕಿ ಇಲ್ಲಂದ್ರ ಈಗ ಹೇಳಿಬಿಡ್ರಿ. ಬ್ಯಾರೆ ಗದ್ದಿ ಹುಡಕಾಕ ನಮಗ ದಿನಾ ಬೇಕಾಗತಾವು" ಎಂದಳು.

"ಬರ್ರಿ" ಎಂದೆ. ಹೇಗೆ ಹಾಗೆಂದೆನೋ ಇವತ್ತಿಗೂ ತಿಳಿಯದು. ಅವಳು ರೊಟ್ಟಿ, ಪುಂಡಿಪಲ್ಯ ಉಣಿಸಿ, ಗಜೇಂದ್ರಗಡಕ್ಕೆ ಹೊರಟಿದ್ದ ಟಂಟಂ ಗಾಡಿ ಹತ್ತಿಸಿದಳು.

ಗಜೇಂದ್ರಗಡದ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುವಾಗ ಯಜಮಾನರ ಫೋನ್ ಬಂತು.

"ಹೇಳಿದೇನು?"

"ಹೇಳಿದೆ."

"ಏನಂದ್ರು?"

"ಬರತೇವಿ ಅಂದ್ರು."

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಸಣ್ಣ ದನಿಯಲ್ಲಿ, "ಹಂಗಾದ್ರ ಮುಂದಿನ ವರ್ಷಕ್ಕ ಚೀಲ ಎಷ್ಟ ತರೂಣು?" ಎಂದರು.

ಒಂದೂ ಬೇಡ ಎನ್ನಬೇಕೆಂದು ಬಾಯಿ ತೆರೆದೆ.

"ಎರಡು" ಎಂದೆ.