ಅಮೀನಣ್ಣನ ಗೋಷಾ ಮೋಟಾರು

ಸಿಂದಗಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಅಮೀನುದ್ದೀನ ಡ್ರೈವರನಿಗೆ ಸೊಕ್ಕು ಬಹಳ ಎನ್ನುತ್ತಾರೆ. ಬಾಡಿಗೆ ಗಾಡಿ ಓಡಿಸುವವನು ಮನೆ ಬಾಗಿಲಿಗೆ ಬಂದ ಗಿರಾಕಿಯನ್ನು ಬಿಡುತ್ತಾನೆಯೇ? ಇವನು ಬಿಡುತ್ತಾನೆ. ಬಸುರಿಯನ್ನು ಒಯ್ಯುತ್ತಾನೆ, ಹೆಣ ಒಯ್ಯುತ್ತಾನೆ, ಕೋರ್ಟಿನ ತಾರೀಖಿಗೆ ಹೊರಟ ವಾದಿ ಪ್ರತಿವಾದಿ ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂಡಿಸಿ ಒಯ್ಯುತ್ತಾನೆ. ಮದಿಮಗಳನ್ನು ಮಾತ್ರ ಒಯ್ಯುವುದಿಲ್ಲ.

"ಮದಿಮಗಳನ್ನ ಒಯ್ಯೂದಿಲ್ರಿ. ಬ್ಯಾರೆ ಗಾಡಿ ನೋಡ್ಕೋರಿ" ಎಂದು ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕೂಡುತ್ತಾನೆ. ಅವನ ಗಾಡಿಯ ಕಿಟಕಿಗೆ ಯಾರಾದರೂ ಪರದೆ ಕಟ್ಟಿದರೆ ನಡುದಾರಿಯಲ್ಲಿ ನಿಲ್ಲಿಸಿ ಕಿತ್ತು ಒಗೆಯುತ್ತಾನೆ. ಯಾವಳೋ ಹುಡುಗಿ ಕೈಕೊಟ್ಟಿದ್ದಾಳೆ, ಅದಕ್ಕೇ ಹೀಗೆ ಎಂದು ಚಹಾದಂಗಡಿಯವರು ಕಥೆ ಕಟ್ಟಿದ್ದಾರೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ನಾನು ಸಾವಿತ್ರಿ, ಅವನ ಊರಿನವಳು, ಕನ್ನೊಳ್ಳಿಯವಳು. ಅವನ ಮನೆಯೆದುರಿನ ಮನೆ ನಮ್ಮದು. ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ, ಆಮೇಲೆ ಸೊಕ್ಕು ಯಾರದೆಂದು ನೀವೇ ನೋಡಿ.

ಅಮೀನಣ್ಣನ ತಂದೆ ಗುಡುಸಾಬ ಹತ್ತಿಯ ದಲಾಲಿ. ತಾಯಿ ರಾಜಬಿ ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಜ್ಜಿಯ ಹೊಲಕ್ಕೆ ಹತ್ತಿ ಬಿಡಿಸಲು ಬರುತ್ತಿದ್ದಳಂತೆ. ಬಿಸಿಲಲ್ಲಿ ಎಲ್ಲರ ಜೊತೆ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳಂತೆ. ಆಗ ಪರದೆಯ ಮರೆ, ಗೋಷಾ ಯಾವುದೂ ಇರಲಿಲ್ಲ. ದಲಾಲಿಯಲ್ಲಿ ನಾಲ್ಕು ಕಾಸು ಬಂದ ಮೇಲೆ ಮನೆಗೆ ಎತ್ತರದ ಗೋಡೆ ಬಂತು, ಗೋಡೆಯ ಹಿಂದೆ ಗೋಷಾ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ನಮ್ಮಜ್ಜಿ ನಗುತ್ತಿದ್ದಳು. ಹಾಗಂತ ಗುಡುಸಾಬ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ನಾವೂ ಹಗುರಾಗಬಹುದಿತ್ತು.

ಅಮೀನಣ್ಣನ ತಂಗಿ ಸಗೀರಾ ನನ್ನ ಜೋಡಿ. ಊರ ಸಾಲಿಯಲ್ಲಿ ಇಬ್ಬರೂ ನಮ್ಮಪ್ಪ ಗುರಪ್ಪ ಮಾಸ್ತರರ ಹತ್ತಿರವೇ ಕಲಿತೆವು. ಅವಳಿಗೆ ಸಾಲಿಯಲ್ಲಿ ಕಲಿಸುವ ಅಕ್ಕೋರು ಆಗುವ ಹುಚ್ಚು. ಅವರ ಹಿತ್ತಲಿನ ಆಡುಗಳನ್ನು ಸಾಲಾಗಿ ಕಟ್ಟಿ, ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಬರೆದು, ತಪ್ಪು ಹೇಳಿದ ಆಡಿಗೆ ಬೈಯುತ್ತಿದ್ದಳು. ಎಲ್ಲಾ ಆಡುಗಳೂ ತಪ್ಪೇ ಹೇಳುತ್ತಿದ್ದವು. ಐವತ್ತೆಂಟನೇ ಇಸವಿಯಲ್ಲಿ ಇಬ್ಬರೂ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆವು, ಅವಳು ನನಗಿಂತ ಮೇಲೆ. ಮುಂದೆ ಕಲಿಯಬೇಕೆಂದರೆ ಸಿಂದಗಿಯ ಹೈಸ್ಕೂಲಿಗೇ ಹೋಗಬೇಕು.

ನಮ್ಮಪ್ಪನೇ ಗುಡುಸಾಬನ ಕಟ್ಟೆಗೆ ಹೋಗಿ ಕೂತು ಕೇಳಿದರು. ಗುಡುಸಾಬ ಬಹಳ ಹೊತ್ತು ಅಡಕಿ ಕತ್ತರಿಸುತ್ತ ಕೂತ. ಕೊನೆಗೆ, "ಮಾಸ್ತರ, ನಾ ಬ್ಯಾಡ ಅನ್ನೂದಿಲ್ಲ. ನಮ್ಮ ಹುಡುಗಿ ಬಸ್ಸಿನ್ಯಾಗ ಮಂದಿ ನಡುವ ಜೋತ್ಯಾಡಬಾರ್ದು. ನಾಕ ಮಂದಿ ಕಣ್ಣಿಗಿ ಬೀಳದಂಗ ಒಯ್ದು, ಬೀಳದಂಗ ತರೂದಾದ್ರ ಕಲೀಲಿ" ಎಂದ. ದಿನಾ ಎರಡು ಹೊತ್ತು ಕಮಾನು ಮುಚ್ಚಿದ ಕೊಲ್ಹಾರಿ ಎತ್ತಿನ ಬಂಡಿ ಕಟ್ಟಿಕೊಂಡು ಸಿಂದಗಿಗೆ ಹೋಗಿ ಬರುತ್ತೇವೆಂದರೆ ಹೊಲದ ಗಳೆ ಯಾರು ಹೊಡೆಯಬೇಕು? ಆಗದ ಮಾತನ್ನು ಆಗಬಹುದೆಂದು ಹೇಳಿದರೆ ಬೇಡ ಎಂದ ಹಾಗೆಯೇ. ನಮ್ಮಪ್ಪ ಎದ್ದು ಬಂದರು.

ಆ ಮಾತನ್ನು ಬಾಗಿಲ ಹಿಂದೆ ನಿಂತು ಅಮೀನಣ್ಣ ಕೇಳಿಸಿಕೊಂಡಿದ್ದ. ವಿಜಾಪುರದಲ್ಲಿ ಇಂಟರ್ ಓದುತ್ತಿದ್ದವನು, ಬ್ಯಾಸಗಿ ಸೂಟಿಗೆ ಬಂದಿದ್ದ. ಕಾಲೇಜಿಗಿಂತ ಅಲ್ಲಿಯ ಮೋಟಾರು ಗ್ಯಾರೇಜಿನಲ್ಲಿ ಅವನು ಕೂತದ್ದೇ ಹೆಚ್ಚು. ಆ ವರ್ಷವೆಲ್ಲ ವಿಜಾಪುರದಲ್ಲೇ ಓದುತ್ತಿದ್ದ, ಇಂಡಿ ಊರಿನ ಜಹಗೀರದಾರ ರಾವಸಾಬರ ಮಗನಿಗೆ ಪಾಠ ಹೇಳಿದ್ದ. ಮ್ಯಾಟ್ರಿಕ್ಕಿನಲ್ಲಿ ಗೋತಾ ಹೊಡೆದು ಹೊಡೆದು ಮೀಸೆ ಬಂದಿದ್ದ ಆ ಹುಡುಗ ಅಂತೂ ಪಾಸಾದ. ಏನು ಬೇಕು ಕೇಳು ಎಂದರು ರಾವಸಾಬರು. "ನಿಮ್ಮ ಕೋಳಿ ಗೂಡು ಕೊಡ್ರಿ" ಎಂದ ಅಮೀನಣ್ಣ.

ಅದು ಕೋಳಿ ಗೂಡಲ್ಲ, ಮೋಟಾರು. ರಾವಸಾಬರು ಪುಣೆಯಲ್ಲಿ ಓದುವಾಗ ಕೊಂಡು, ರೇಸಿನಲ್ಲಿ ಓಡಿಸಿ, ಊರಿಗೆ ತಂದು ಬೇವಿನ ಗಿಡಕ್ಕೆ ಗುದ್ದಿ ಕೊಟ್ಟಿಗೆಯಲ್ಲಿ ಎಸೆದಿದ್ದ ಇಂಗ್ಲಿಷ್ ಗಾಡಿ. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಮುಚ್ಚಿಗೆಯಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ವರ್ಷಾನುಗಟ್ಟಲೆ ಕೋಳಿಗಳು ಅದರಲ್ಲಿ ತತ್ತಿ ಇಟ್ಟಿದ್ದವು. ಅದನ್ನು ಎತ್ತು ಕಟ್ಟಿ ಎಳೆಸಿಕೊಂಡು ಅಮೀನಣ್ಣ ಊರು ಹೊಕ್ಕಾಗ ಅಗಸಿಯಲ್ಲಿ ಕೂತ ಮಂದಿ ಸುಮ್ಮನಿರುತ್ತಾರೆಯೇ? "ರೇಸಿನ್ಯಾಗ ಯಾವುದು ಮೊದಲ ಬಂತೊ, ಬಲಗಡಿ ಎತ್ತೊ ಎಡಗಡಿ ಎತ್ತೊ?" ಎಂದು ಕೇಳಿದರು. ಅವನೂ ನಕ್ಕ. ಆಗ ಅವನಿಗೆ ನಗು ಬಹಳ ಸುಲಭಕ್ಕೆ ಬರುತ್ತಿತ್ತು.

ಬೇರೆ ಹುಡುಗರು ಮೋಟಾರು ಸಿಕ್ಕರೆ ಇನ್ನಷ್ಟು ಜೋರು ಓಡುವ ಹಾಗೆ, ಇನ್ನಷ್ಟು ಸದ್ದು ಮಾಡುವ ಹಾಗೆ ಮಾಡುತ್ತಾರೆ. ಇವನು ಓಡುವ ಕುದುರೆಯನ್ನು ಹಿಡಿದು ಗೋಷಾಕ್ಕೆ ಕೂಡಿಸಲು ಹೊರಟ. ಜೂನಿನಲ್ಲಿ ಹೈಸ್ಕೂಲು ಶುರುವಾಗುವುದರೊಳಗೆ ಮುಗಿಯಬೇಕು. ಕೈಯಲ್ಲಿದ್ದ ರೊಕ್ಕ ಸೈಕಲ್ಲು ಮಾರಿ ಬಂದದ್ದಷ್ಟೇ, ಅದು ಟಾಯರಿಗೇ ಹೋಯಿತು. ಉಳಿದದ್ದೆಲ್ಲ ಊರ ಸಾಮಾನು. ಹಿಂದಿನ ಡಬ್ಬಿಯ ತಗಡು ಕೊಯ್ದು ಇಬ್ಬರು ಕೂಡುವಷ್ಟು ಹಲಗೆ ಜೋಡಿಸಿದ. ಚಕ್ಕಡಿಯ ಹಳೆ ಕಬ್ಬಿಣದ ಪಟ್ಟಿ ಬಡಿಸಿ ಸ್ಪ್ರಿಂಗಿಗೆ ಸೇರಿಸಿ ಗಾಡಿಯ ಹೊಟ್ಟೆಯನ್ನು ಮೇಲೆತ್ತಿದ. ಕೊಲ್ಹಾರಿ ಬಂಡಿಯ ಬಿದಿರ ಕಮಾನನ್ನೇ ತಂದು ಮೇಲೆ ಕಟ್ಟಿ, ಹತ್ತಿ ಮುಚ್ಚುವ ತಾಡಪತ್ರಿ ಹೊದಿಸಿದ. ಹುಲಿಯ ಹಾಗೆ ಗುರುಗುಡುತ್ತಿದ್ದ ಗಾಡಿ ಮಂದಿಯ ಕಣ್ಣು ತನ್ನ ಕಡೆ ಎಳೆಯಬಾರದೆಂದು ಹೊಗೆಯ ಕೊಳವೆಗೆ ಎಣ್ಣೆ ಡಬ್ಬಿ ಕೂಡಿಸಿ ಅದರ ದನಿ ಇಳಿಸಿದ. ಇಂಜಿನ್ನಿನ ನೀರಿನ ಟಾಕಿ ಸೋರುತ್ತಿತ್ತು. ಡ್ರೈವರರ ಉಪಾಯವೆಂದು ಅರಿಷಿಣ ಹಾಕಿ ಹಾಕಿ ಸೋರುವುದನ್ನು ನಿಲ್ಲಿಸಿದ. "ಮದಿವಿಗಿ ಅಂತ ಇಟ್ಟಿದ್ದ ಅರಿಷಿಣಾ ಎಲ್ಲಾ ನಿನ್ನ ಮೋಟಾರ ಕುಡೀತಲ್ಲೊ!" ಎಂದು ರಾಜಬಿ ಬೈದರೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಪರದೆಯನ್ನು ಸಗೀರಾ ತಾನೇ ಹೊಲಿದಳು. ತಾಯಿಯ ಹಳೆ ಹಸಿರು ಸೀರೆ, ಎರಡು ಪದರು. ಕಣ್ಣಿನ ಎತ್ತರಕ್ಕೆ ಅಂಗೈಯಗಲ ಕತ್ತರಿಸಿ, ಅಲ್ಲಿ ಸೊಳ್ಳೆ ಪರದೆಯ ಜಾಳಿಗೆಯನ್ನು ಮಡಚಿ ಹೊಲಿದಳು. ಒಳಗಿನಿಂದ ರಸ್ತೆ ಕಾಣುತ್ತಿತ್ತು, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ನಾನು ಏಳು ಸಲ ಹತ್ತಿ ಇಳಿದೆ, ಏಕೆಂದರೆ ಎರಡನೇ ಜಾಗ ನನ್ನದು. ಸಗೀರಾ ಮಾತ್ರ ಹತ್ತಲಿಲ್ಲ. "ಸಾಲಿ ಸುರು ಆದ ದಿನಾನ ಕೂಡ್ತೇನಿ. ಅವತ್ತ ಮೊದಲ ಸಲ" ಎಂದಳು. ನಾನು ಕೈ ಹಿಡಿದು ಎಳೆದರೂ ಬರಲಿಲ್ಲ.

ದಿನಾ ಓಡಿಸುವವರು ಯಾರು? ಅದನ್ನೂ ಅಮೀನಣ್ಣ ಯೋಚಿಸಿದ್ದ. ವಿಜಾಪುರಕ್ಕೆ ಹೋಗಿ ಕಾಲೇಜಿನಿಂದ ಹೆಸರು ತೆಗೆಸಿಕೊಂಡು ಬಂದ. ನಮ್ಮಪ್ಪ ಸಿಟ್ಟಾದರು. "ನಾ ಹೊರಗಿಂದನೂ ಪರೀಕ್ಷಾ ಕಟ್ಟಬಹುದ್ರಿ ಮಾಸ್ತರ. ಅಕೀಗಿ ಹಂಗ ಬರೂದಿಲ್ಲಲ್ರಿ" ಎಂದ. ಹೋಗಿ ಹೈಸ್ಕೂಲಿನಲ್ಲಿ ನಮ್ಮಿಬ್ಬರ ಹೆಸರನ್ನೂ ಹಚ್ಚಿಸಿದ.

ಮೇ ತಿಂಗಳ ಕೊನೆಗೆ ಗುಡುಸಾಬ ತಾನೇ ಪರೀಕ್ಷೆ ಮಾಡಿದ. ಪಟಗಾ ಸುತ್ತಿಕೊಂಡ ಆ ದಪ್ಪ ಮನುಷ್ಯ ಪರದೆಯ ಹಿಂದೆ ಮುದುಡಿ ಕೂತು ಸಿಂದಗಿಯ ಸಂತೆಯ ನಡುವೆ ಹಾಯ್ದು ಬಂದ. ಯಾರಿಗೂ ಗುರುತು ಹತ್ತಲಿಲ್ಲ. ಯಾರೋ ದೊಡ್ಡ ಮನೆತನದ ಹೆಣ್ಣುಮಕ್ಕಳೆಂದು ಮಂದಿ ದಾರಿ ಬಿಟ್ಟರಂತೆ. ಇಳಿದು ಬಂದು ಮಗನ ಬೆನ್ನು ಚಪ್ಪರಿಸಿದ. "ಶಾಬಾಸ್! ಕಳಸ್ರಿ ಅಕೀನ್ನ ಸಾಲಿಗಿ" ಎಂದ. ಆ ಸಂಜೆ ಸಗೀರಾ ಗೋಡೆಯ ಮೇಲಿನಿಂದ ನನಗೆ ಕೂಗಿ ಹೇಳಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಅಷ್ಟಕ್ಕೇ ನಿಂತಿದ್ದರೆ! ಗುಡುಸಾಬನಿಗೆ ಮೋಟಾರಿನ ರುಚಿ ಹತ್ತಿತು. ಮಂದಿ ದಾರಿ ಬಿಟ್ಟದ್ದು ತಲೆಗೇರಿತ್ತು. ವ್ಯಾಪಾರಕ್ಕೆಂದು ಬಾಗೇವಾಡಿಗೆ ರಾಜಬಿಯನ್ನೂ ಕೂಡಿಸಿಕೊಂಡು ಹೋದ. ಅಲ್ಲಿ ಮುದ್ದೇಬಿಹಾಳದ ದೊಡ್ಡ ಅಡತಿ ವ್ಯಾಪಾರಿ ಬಾಬುಲಾಲ ಆ ಮೋಟಾರನ್ನು ನೋಡಿದ. ಹೆಣ್ಣುಮಕ್ಕಳನ್ನು ಇಷ್ಟು ಮರ್ಯಾದೆಯಿಂದ ಇಟ್ಟುಕೊಂಡ ಮನೆಯಲ್ಲಿ ಹುಡುಗಿ ಇದೆಯೇ ಎಂದು ವಿಚಾರಿಸಿದ. ಕನ್ನೊಳ್ಳಿಯ ದಲಾಲಿಯ ಮನೆಗೆ ಅಂಥವರು ನೀರು ಕುಡಿಯಲೂ ಬರುತ್ತಿರಲಿಲ್ಲ. ಎಂಟು ದಿನದಲ್ಲಿ ಮಗನಿಗೆ ಹೆಣ್ಣು ಕೇಳಲು ಬಂದರು, ಸಕ್ಕರೆ ಹಂಚಿದರು, ನಿಕಾದ ದಿನ ಗೊತ್ತುಮಾಡಿಕೊಂಡೇ ಎದ್ದರು. ಹುಡುಗಿಗೆ ಇನ್ನೂ ಹದಿನಾಲ್ಕು.

ಅಮೀನಣ್ಣ ತಂದೆಯ ಕಾಲು ಹಿಡಿದ. "ಮಾತು ಕೊಟ್ಟೀಯಪಾ" ಎಂದ. ಗುಡುಸಾಬ ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಅವನ ಕಣ್ಣಲ್ಲಿ ಖುಷಿಯ ನೀರಿತ್ತು. "ಹುಚ್ಚಾ, ಇಂಥಾ ಮನಿ ಅಕೀಗಿ ಕನಸಿನ್ಯಾಗರೆ ಸಿಗತಿತ್ತೇನ? ನಿನ್ನ ಮೋಟಾರಿನಿಂದ ಸಿಕ್ತು. ನಿನ್ನ ತಂಗಿ ನಸೀಬ ನಿನ್ನ ಕೈಯಾರೆ ನೀನ ತೆರದಿ" ಎಂದ. ಬೈದಿದ್ದರೆ, ಹೊಡೆದಿದ್ದರೆ ಅಮೀನಣ್ಣ ತಡೆದುಕೊಳ್ಳುತ್ತಿದ್ದ. ಆ ಹೊಗಳಿಕೆಯನ್ನು ತಡೆದುಕೊಳ್ಳಲು ಅವನಿಗೆ ಇವತ್ತಿಗೂ ಆಗಿಲ್ಲ. ಊರಿಗೆ ಊರೇ ಅದನ್ನೇ ಅವನಿಗೆ ಹೇಳಿತು. ಕಟ್ಟೆಗೆ ಕರೆದು ಚಹಾ ಕುಡಿಸಿ ಹೇಳಿತು.

ಜೂನಿನಲ್ಲಿ ಹೈಸ್ಕೂಲು ಶುರುವಾಯಿತು. ನಮ್ಮಪ್ಪ ನನ್ನನ್ನು ಸಿಂದಗಿಯಲ್ಲಿ ದುರ್ಗವ್ವ ಅತ್ತೆಯ ಮನೆಯಲ್ಲಿ ಬಿಟ್ಟರು. ಸಾಲಿ ಈಗಷ್ಟೇ ಶುರುವಾಗಿದೆ ಎಂದು ನಿಕಾಕ್ಕೆ ಕಳಿಸಲಿಲ್ಲ. ಅವತ್ತು ಮನೆಯಲ್ಲಿ ಏನಾಯಿತೆಂದು ಬಹಳ ವರ್ಷಗಳ ಮೇಲೆ, ನಾನು ಅಕ್ಕೋರಾಗಿ ಮೊದಲ ಪಗಾರ ತೆಗೆದುಕೊಂಡು ಅವನ ಬಾಡಿಗೆ ಗಾಡಿಯಲ್ಲಿ ಊರಿಗೆ ಹೊರಟ ದಿನ ಅಮೀನಣ್ಣನೇ ಹೇಳಿದ. ಹಾದಿಯಲ್ಲಿ ಅವರ ಹೊಲದ ಬಾವಿ ಬಂತು. ಆ ಕೆಂಪು ಮೋಟಾರಿನ ಇಂಜಿನ್ನು ಈಗ ಅಲ್ಲಿ ನೀರೆತ್ತುತ್ತದೆ. ಉಳಿದದ್ದನ್ನು ಅವನು ಗುಜರಿಗೆ ಹಾಕಿದ. ಗಾಡಿ ನಿಲ್ಲಿಸಿ, ಅದರ ಸದ್ದು ಕೇಳುತ್ತ ಹೇಳಿದ.

ನಿಕಾ ಮುಗಿದ ಮರುದಿನ ಗಂಡಿನ ಕಡೆಯವರು ಲಾರಿ ಹತ್ತಿ ಕೂತಿದ್ದರು. ಮದಿಮಗಳು ಗೋಷಾ ಮೋಟಾರಿನಲ್ಲೇ ಬರಬೇಕೆಂದು ಬಾಬುಲಾಲನ ಮನೆಯವರ ಹಟ. ಅಮೀನಣ್ಣ ಬೆಳಿಗ್ಗೆಯೇ ಇಂಜಿನ್ನಿನ ಸಣ್ಣ ಸಾಮಾನೊಂದನ್ನು ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಂಡು, ಗಾಡಿ ಕೆಟ್ಟಿದೆ ಎಂದು ದನಗಳ ನೀರಿನ ಬಾನಿಯ ಹತ್ತಿರ ಕೂತುಬಿಟ್ಟಿದ್ದ. ಅದರಿಂದ ಏನೂ ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ತನ್ನ ಗಾಡಿಯಲ್ಲಿ ಬೇಡ. ತಂದೆ ಕರೆದ, ಏಳಲಿಲ್ಲ. ಆಮೇಲೆ ಬಾಗಿಲ ಮರೆಯಿಂದ ಸಗೀರಾ ಕರೆದಳು. ಕೈ ಮೈ ಎಲ್ಲ ಅರಿಷಿಣವಾಗಿತ್ತು.

"ಅಣ್ಣಾ, ಬಿಚ್ಚಿದ್ದು ಕೂಡಸು. ಬಂಡಿಯಾಗ ಹೋಗೂದಿಲ್ಲ ನಾ. ಇಷ್ಟ ಕಷ್ಟಪಟ್ಟು ಮಾಡೀದಿ, ಒಂದ ಸಲಾನರೆ ಅದರಾಗ ಕೂಡ್ತೇನಿ."

ಅವನು ಎದ್ದು ಕೂಡಿಸಿದ.

ನಮ್ಮೂರಿನಿಂದ ಮುದ್ದೇಬಿಹಾಳಕ್ಕೆ ಹೋಗುವವರು ಸಿಂದಗಿ ಹಾದೇ ಹೋಗಬೇಕು. ನಾನು ಮಧ್ಯಾಹ್ನದ ಸೂಟಿಯಲ್ಲಿ ಸಾಲಿಯ ಅಂಗಳದಲ್ಲಿ ಕಾಯುತ್ತ ನಿಂತಿದ್ದೆ. ಮೊದಲು ಲಾರಿ ಹೋಯಿತು. ಅದರ ಹಿಂದೆ ಹೂ ಕಟ್ಟಿದ ಕೆಂಪು ಮೋಟಾರು ಸದ್ದಿಲ್ಲದೆ ಬಂತು. ನಾನು ಕಂಪೌಂಡಿನ ತನಕ ಓಡಿ ಕೈ ಎತ್ತಿದೆ. ಹಸಿರು ಪರದೆ ಕಂಡಿತು, ಜಾಳಿಗೆ ಕಂಡಿತು. ಸಗೀರಾ ಕಾಣಲಿಲ್ಲ. ಅಷ್ಟು ಚೊಲೋ ಹೊಲಿದಿದ್ದಳು. ಮೋಟಾರು ಮುಂದೆ ಹೋಯಿತು. ನಾನು ಅಳುತ್ತ ನಿಂತಿರುವಾಗಲೇ ತಿರುಗಿ ಬಂತು. ಸಾಲಿಯ ಮುಂದೆ ಹಾಯ್ದು, ಹೊರಳಿ ಮತ್ತೆ ಬಂತು. ಅಮೀನಣ್ಣ ನನ್ನ ಕಡೆ ನೋಡಲೇ ಇಲ್ಲ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

"ಅವತ್ತ ಯಾಕ ಹೊಳ್ಳಿ ಹೊಳ್ಳಿ ಬಂದ್ಯೋ ಅಣ್ಣಾ?" ಎಂದು ಬಾವಿಯ ಹತ್ತಿರ ಕೇಳಿದೆ.

"ಅಕೀನ ಹೇಳಿದ್ಳು" ಎಂದ. "ಜೋಡಿಗಿ ಬಂದಿದ್ದ ದಾವಲಬಿ ಚಿಗವ್ವ ತೂಕಡಸಾಕತ್ತಿದ್ಳು. ಅಣ್ಣಾ ಹೊಳ್ಳಸು, ಇನ್ನೊಮ್ಮೆ ನೋಡ್ತೇನಿ ಅಂದ್ಳು. ಸಾವಿತ್ರಿ ನಿಂತಾಳ, ಬಾಜೂಕ ನನಗ ಜಾಗಾ ಬಿಟ್ಟ ನಿಂತಾಳ ಅಂದ್ಳು. ನಾ ಮತ್ತ ಹೊಳ್ಳಿಸಿದ್ನಿ. ಅಷ್ಟರಾಗ ಸಾಲಿ ಗಂಟಿ ಬಾರಿಸಿದ್ರು. ನೀವೆಲ್ಲಾ ಒಳಗ ಓಡಿದ್ರಿ."

ಹೌದು, ನಾನು ಕಣ್ಣೊರೆಸಿಕೊಂಡು ಒಳಗೆ ಓಡಿದ್ದೆ.

"ಅಂಗಳಾ ಪೂರಾ ಖಾಲಿ ಆಗೂ ತನಕ ನೋಡಿದ್ಳು. ಆಮ್ಯಾಲೆ, ಗಂಟಿ ಆತು ಅಣ್ಣಾ, ಇನ್ನ ನಡಿ ಅಂದ್ಳು."

ಅವತ್ತು ಅವನು ಆ ಕೆಂಪು ಮೋಟಾರನ್ನು ಮುದ್ದೇಬಿಹಾಳದ ಕಡೆ ತಿರುಗಿಸಿದ.